ಹ್ಯೂಗೋ ಶುಖಾರ್ಟ್: ಬೆರಕೆನುಡಿಯ ವಿದ್ವಾಂಸ

ಎರಡನೆಯ ಭಾಷೆಯೊಂದರಲ್ಲಿ ವ್ಯವಹರಿಸುವವರ ದಿನನಿತ್ಯದ ಮಾತುಕತೆ ಇಂದು ಭಾಷಾವಿಜ್ಞಾನದ ಮಾನ್ಯವಾದ ಅಧ್ಯಯನವಿಷಯ. ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರಲ್ಲಿ ಬಹುಮಂದಿ ಅದನ್ನು ವ್ಯಾಕರಣದೋಷಗಳ ಕಂತೆಯೆಂದು ಬದಿಗಿರಿಸಿದ್ದರು. ಆ ಕಂತೆಯನ್ನು ಬಿಚ್ಚಿ ನೋಡಿದ ಮೊದಲಿಗರಲ್ಲಿ ಹ್ಯೂಗೋ ಶುಖಾರ್ಟ್ ಪ್ರಮುಖರು.

1842ರಲ್ಲಿ ಜರ್ಮನಿಯ ಗೋಥಾದಲ್ಲಿ ಜನಿಸಿದ ಅವರು ಯೇನಾ ಮತ್ತು ಬಾನ್‌ಗಳಲ್ಲಿ ವ್ಯಾಸಂಗ ಮಾಡಿದರು. ಜನಸಾಮಾನ್ಯರ ಲ್ಯಾಟಿನ್ನಿನ ಸ್ವರವ್ಯವಸ್ಥೆಯನ್ನು ಕುರಿತ ಮೂರು ಸಂಪುಟಗಳಿಂದ (1866-68) ಕೀರ್ತಿ ಪಡೆದರು. 1876ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ವಿಶ್ವವಿದ್ಯಾಲಯಕ್ಕೆ ಬಂದ ಮೇಲೆ 1927ರಲ್ಲಿ ಕಾಲವಾಗುವವರೆಗೂ ಅದೇ ಅವರ ಊರಾಯಿತು.

ಅಂದಿನ ಆಸ್ಟ್ರಿಯಾ ಹಲವು ನುಡಿಗಳ ಸಾಮ್ರಾಜ್ಯ. ಸ್ಲಾವ್ ಜನರು ಆಡುವ ಜರ್ಮನ್ ಮತ್ತು ಇಟಾಲಿಯನ್‌ಗಳಲ್ಲಿ ಅವರ ತಾಯ್ನುಡಿಯ ಅಚ್ಚು ಹೇಗೆ ಮೂಡುತ್ತದೆಂಬುದನ್ನು ಅವರು 1884ರ ಕೃತಿಯಲ್ಲಿ ವಿವರಿಸಿದರು. ಮರುವರ್ಷವೇ, ಧ್ವನಿನಿಯಮಗಳಿಗೆ ಅಪವಾದವಿಲ್ಲವೆಂದು ವಾದಿಸುತ್ತಿದ್ದ ನವವೈಯಾಕರಣರನ್ನು ನೇರವಾಗಿ ಎದುರಿಸಿದರು. ಬೆರಕೆಯಿಲ್ಲದ ಭಾಷೆಯೇ ಇಲ್ಲವೆಂಬುದು ಅವರ ನಿಲುವು. ಆ ಕಾಲದಲ್ಲಿ ಇದು ಒಂಟಿದನಿ.

ನಮಗೆ ಹೆಚ್ಚು ಕುತೂಹಲಕರವಾದುದು ಅವರ ಕ್ರಿಯೋಲ್ ಅಧ್ಯಯನ. ಅವರು ಭಾರತಕ್ಕೆ ಬಂದವರಲ್ಲ. ದೂರದ ಬಂದರುಗಳಿಗೆಲ್ಲ ಪತ್ರ ಬರೆದು ಮಾಹಿತಿ ತರಿಸಿಕೊಂಡರು. ಕೊಚ್ಚಿ, ದೀವ್‌ಗಳ ಪೋರ್ಚುಗೀಸನ್ನು ಕುರಿತ ಪ್ರಬಂಧಗಳ ಸಾಲಿನಲ್ಲಿಯೇ ನಮ್ಮ ಮಂಗಳೂರಿನ ಪೋರ್ಚುಗೀಸನ್ನು ಕುರಿತದ್ದೂ ಇದೆ. ಕನ್ನಡ ವಿಭಾಗಗಳಲ್ಲಿ ಈ ಸಂಗತಿ ಅಷ್ಟಾಗಿ ಚರ್ಚೆಯಾಗದಿರುವುದು ಸೋಜಿಗವೇ ಸರಿ. 1891ರ ಲೇಖನದಲ್ಲಿ ಅವರು ಮದರಾಸಿನ ಬಟ್ಲರ್ ಇಂಗ್ಲಿಷನ್ನೂ ಪರಿಶೀಲಿಸಿದರು. ಮನೆಯಾಳು ಮತ್ತು ದೊರೆಸಾನಿಯ ನಡುವಿನ ಆ ಮಾತಿನಲ್ಲಿ 'ಡನ್' ಎಂಬ ಪದ ಸೇರಿದರೆ ಭೂತಕಾಲ; 'ಇಂಗ್' ಪ್ರತ್ಯಯವಿರುವ ರೂಪವೇ ಭವಿಷ್ಯತ್ತಿಗೂ ಸಲ್ಲುತ್ತದೆ. ಇತರರು ನಗೆಚಾಟಿಕೆಗೆ ಬಳಸಿದ ಸಾಮಗ್ರಿಯಲ್ಲಿ ಅವರು ಕ್ರಮವನ್ನು ಕಂಡರು.

ಮೆಡಿಟರೇನಿಯನ್ ಬಂದರುಗಳ ಲಿಂಗ್ವಾ ಫ್ರಾಂಕಾ ಕುರಿತ 1909ರ ಲೇಖನ ನನ್ನ ದೃಷ್ಟಿಯಲ್ಲಿ ಅವರ ಅತ್ಯಂತ ಸೂಕ್ಷ್ಮವಾದ ಬರಹ. ಅಲ್ಲಿ ಕ್ರಿಯಾಪದಗಳು ರೂಪಭೇದಗಳನ್ನು ಕಳೆದುಕೊಂಡದ್ದಕ್ಕೆ ಕಲಿಯುವವನ ಅಸಾಮರ್ಥ್ಯವೊಂದೇ ಕಾರಣವಲ್ಲ. ಅನ್ಯಭಾಷಿಕನೊಡನೆ ಮಾತಾಡುವಾಗ ಆ ಭಾಷೆಯ ಒಡೆಯನೇ ತನ್ನ ನುಡಿಯನ್ನು ಸರಳಗೊಳಿಸುತ್ತಾನೆ. ಕಲಿತವನು ಕೇಳಿದ್ದೇ ಆ ಮುರಿದ ರೂಪವನ್ನು. ಹೀಗೆ ತಪ್ಪಿನ ಹೊಣೆ ಇಬ್ಬರಿಗೂ ಹಂಚಿಹೋಗುತ್ತದೆ. ಮುಂಬಯಿಯಲ್ಲಿ ತರಕಾರಿ ಮಾರುವವರೊಡನೆ ಹಿಂದಿಯಾಡಿದ ಯಾವ ಕನ್ನಡಿಗರಿಗೂ ಇದು ಹೊಸತೆನಿಸಲಾರದು.

ಪತ್ರಗಳನ್ನೇ ನಂಬಿದ ಈ ವಿಧಾನಕ್ಕೆ ಮಿತಿಯಿತ್ತು. ಮಾತಿನ ಏರಿಳಿತ, ತಡವರಿಕೆ, ಸರದಿ ಯಾವುವೂ ಲಕೋಟೆಯಲ್ಲಿ ಬರುವುದಿಲ್ಲ. ಮಂಗಳೂರಿನ ಪೋರ್ಚುಗೀಸ್ ಕಿವಿಗೆ ಹೇಗಿತ್ತೆಂಬುದನ್ನು ಅವರು ಕಾಗದದಿಂದಲೇ ಊಹಿಸಬೇಕಾಯಿತು. ಅವರಿಗೆ ಬಂದ ಸಾವಿರಾರು ಓಲೆಗಳು ಗ್ರಾಟ್ಸ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಉಳಿದುಬಂದಿವೆ.