ದೂರದ ಗೆಳೆತನ, ನೆರೆಯ ಹಗೆತನ: ಟಿಪ್ಪು ಸುಲ್ತಾನ್ ಬದುಕು ಹೇಳುವ ಪಾಠ

ಪೆರ್ಲ ಪೇಟೆಯಿಂದ ಒಂದು ಕಡೆ ಹೋದರೆ ಬದಿಯಡ್ಕ, ಕಾಸರಗೋಡು. ಇನ್ನೊಂದು ಕಡೆ ಹೋದರೆ ವಿಟ್ಲ, ಕಲ್ಲಡ್ಕ. ಅದೇ ರಸ್ತೆ, ನಡುವೆ ರಾಜ್ಯ ಮಾತ್ರ ಬದಲಾಗುತ್ತದೆ. ಈ ಪೇಟೆಯ ಸುತ್ತಮುತ್ತ ಎಷ್ಟೋ ಮನೆಗಳ ಒಲೆ ಉರಿಯುವುದು ದುಬೈ, ಮಸ್ಕತ್, ರಿಯಾದ್‌ನಿಂದ ಬರುವ ದುಡ್ಡಿನಲ್ಲಿ. ಹೊರದೇಶದ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬುದು ಇಲ್ಲಿನವರಿಗೆ ಪತ್ರಿಕೆಯಲ್ಲಿ ಓದಿ ಮರೆಯುವ ವಿಷಯವಲ್ಲ.

ಈಗ ಜಗತ್ತಿನ ದೊಡ್ಡ ದೊಡ್ಡ ದೇಶಗಳಲ್ಲೇ ಒಂದು ಮಾತು ಜೋರಾಗಿದೆ. ಬೇರೆಯವರ ಗೊಡವೆ ನಮಗೇಕೆ, ನಮ್ಮ ದೇಶ ಮೊದಲು, ಹೊರಗಿನವರು ಹೊರಗೇ ಇರಲಿ ಎಂಬ ಮಾತು. ಬಲ ಇರುವ ದೇಶ ತನ್ನ ಪಾಡಿಗೆ ತಾನಿರಬೇಕೇ ಅಥವಾ ಹೊರಗಿನವರ ಜೊತೆ ಕೈಜೋಡಿಸಬೇಕೇ? ಎರಡು ಶತಮಾನಗಳ ಹಿಂದೆ ಇದೇ ಪ್ರಶ್ನೆ ಎದುರಿಸಿದ ಒಬ್ಬ ದೊರೆ ಈ ನೆಲವನ್ನೂ ಆಳಿದ್ದ. ಮಂಗಳೂರು, ಕುಂಬಳೆ, ಕಾಸರಗೋಡು, ಬೇಕಲ ಎಲ್ಲವೂ ಅವನ ಅಧೀನದಲ್ಲಿತ್ತು. ಅವನೇ ಟಿಪ್ಪು ಸುಲ್ತಾನ್.

ಟಿಪ್ಪುವಿನ ಕತ್ತಿ, ಹುಲಿ, ರಾಕೆಟ್‌ಗಳ ಕಥೆ ಎಲ್ಲರಿಗೂ ಗೊತ್ತು. ಅವನು ಹೊರದೇಶಗಳಿಗೆ ಕಳಿಸಿದ ರಾಯಭಾರಿಗಳ ಕಥೆ ಅಷ್ಟಾಗಿ ಯಾರೂ ಹೇಳುವುದಿಲ್ಲ. ಯುವಕರು ತಿಳಿಯಬೇಕಾದದ್ದು ಅದನ್ನೇ.

ಕಡಲು ಕಂಡ ಬಾಲಕ

ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲಿ, 1750ರಲ್ಲಿ. ತಂದೆ ಹೈದರ್ ಅಲಿ, ತಾಯಿ ಫಕ್ರುನ್ನಿಸಾ. 1763ರಲ್ಲಿ ಹೈದರ್ ಬಿದನೂರನ್ನು ಗೆದ್ದಾಗ ಅದರ ಜೊತೆಗೆ ಕರಾವಳಿಯೂ ಕೈಗೆ ಬಂತು. ಒಳನಾಡಿನ ಮೈಸೂರಿಗೆ ಕಡಲಿನ ಬಾಗಿಲು ತೆರೆದದ್ದು ಆಗ. ಮಂಗಳೂರಿನಲ್ಲಿ ಹಡಗು ಕಟ್ಟುವ ಕೆಲಸ ಶುರುವಾಯಿತು. ಅಕ್ಕಿ, ಕಾಳುಮೆಣಸು, ಏಲಕ್ಕಿ, ಶ್ರೀಗಂಧ ಇಲ್ಲಿಂದ ಅರಬ್ ನಾಡಿಗೆ ಹೋಗುತ್ತಿತ್ತು. ಅಲ್ಲಿಂದ ಕುದುರೆ, ಖರ್ಜೂರ ಬರುತ್ತಿತ್ತು. ಬ್ಯಾರಿ ಎಂಬ ಹೆಸರೇ ವ್ಯಾಪಾರ ಎಂಬರ್ಥದ ಮಾತಿನಿಂದ ಬಂತು ಎಂದು ಹೇಳುವವರಿದ್ದಾರೆ. ಆ ಕಡಲ ವ್ಯಾಪಾರದ ಕಾಲ ಅದು.

1768ರಲ್ಲಿ ಇಂಗ್ಲಿಷರು ಮಂಗಳೂರನ್ನು ಹಿಡಿದರು. ಹೈದರ್ ಮತ್ತು ಟಿಪ್ಪುವಿನ ಸೈನ್ಯ ಕೆಲವೇ ತಿಂಗಳಲ್ಲಿ ಅದನ್ನು ಮರಳಿ ಪಡೆಯಿತು. ಮರುವರ್ಷ ಮದ್ರಾಸಿನಲ್ಲಿ ಒಪ್ಪಂದವಾಯಿತು. ಒಬ್ಬರ ಮೇಲೆ ಯಾರಾದರೂ ದಾಳಿ ಮಾಡಿದರೆ ಇನ್ನೊಬ್ಬರು ನೆರವಿಗೆ ಬರಬೇಕು ಎಂಬುದು ಅದರ ಕರಾರು. ಸ್ವಲ್ಪ ಸಮಯದಲ್ಲೇ ಮರಾಠರು ಮೈಸೂರಿನ ಮೇಲೆ ಬಿದ್ದರು. ಕಂಪೆನಿ ಸರಕಾರ ನೆರವಿಗೆ ಬರಲೇ ಇಲ್ಲ. ಕಾಗದದ ಮೇಲಿನ ಗೆಳೆತನದ ಬೆಲೆ ಏನು ಎಂದು ಟಿಪ್ಪು ಹದಿಹರೆಯದಲ್ಲೇ ಕಂಡುಕೊಂಡ.

ಪ್ಯಾರಿಸ್‌ನ ಸುದ್ದಿ, ಮಂಗಳೂರಿನ ಕೋಟೆ

1780ರಲ್ಲಿ ಒಂದು ಅಪರೂಪದ ಸಂಗತಿ ನಡೆಯಿತು. ಮೈಸೂರು, ಮರಾಠರು, ಹೈದರಾಬಾದಿನ ನಿಝಾಮ ಮೂವರೂ ಇಂಗ್ಲಿಷರ ವಿರುದ್ಧ ಒಂದೇ ಕಡೆ ನಿಂತರು. ಅದೇ ವರ್ಷ ಪೊಳ್ಳಿಲೂರಿನಲ್ಲಿ ಕಂಪೆನಿ ಸೈನ್ಯ ನೆಲಕಚ್ಚಿತು. ಆದರೆ ಒಗ್ಗಟ್ಟು ಬಾಳಲಿಲ್ಲ. 1782ರಲ್ಲಿ ಮರಾಠರು ಸಾಲ್ಬಾಯಿಯಲ್ಲಿ ಇಂಗ್ಲಿಷರ ಜೊತೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡರು. ಅದೇ ವರ್ಷದ ಡಿಸೆಂಬರ್ 7ರಂದು ಹೈದರ್ ತೀರಿಕೊಂಡ. ಮಲಬಾರಿನಲ್ಲಿ ಯುದ್ಧದಲ್ಲಿದ್ದ ಟಿಪ್ಪು ಓಡೋಡಿ ಬಂದು ಅಧಿಕಾರ ಹಿಡಿದ.

1783ರ ಆರಂಭದಲ್ಲಿ ಇಂಗ್ಲಿಷರು ಬಿದನೂರನ್ನೂ ಮಂಗಳೂರನ್ನೂ ಹಿಡಿದುಕೊಂಡರು. ಟಿಪ್ಪು ಬಿದನೂರನ್ನು ಬಿಡಿಸಿಕೊಂಡು ಮೇ ತಿಂಗಳಲ್ಲಿ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ. ಅವನ ಜೊತೆ ಫ್ರೆಂಚ್ ಪಡೆಯೂ ಇತ್ತು. ಕೋಟೆ ಇನ್ನೇನು ಬೀಳಬೇಕು ಅನ್ನುವಾಗ ಯುರೋಪಿನಿಂದ ಸುದ್ದಿ ಬಂತು. ಅಮೆರಿಕದ ಸ್ವಾತಂತ್ರ್ಯ ಯುದ್ಧ ಮುಗಿದು ಫ್ರಾನ್ಸ್ ಮತ್ತು ಇಂಗ್ಲೆಂಡ್ ರಾಜಿಯಾಗಿವೆ ಎಂದು. ಫ್ರೆಂಚರು ಅಲ್ಲಿಗೇ ಕೈಬಿಟ್ಟರು. ನೇತ್ರಾವತಿ ತೀರದ ಯುದ್ಧದ ಗತಿಯನ್ನು ಏಳು ಕಡಲಾಚೆಯ ಒಂದು ಸಹಿ ಬದಲಿಸಿತು.

ಸ್ವಾರಸ್ಯ ಏನೆಂದರೆ, ಅದೇ ಅಮೆರಿಕದ ಯುದ್ಧದಲ್ಲಿ ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ ಹೈದರ್ ಅಲಿಯ ಹೆಸರನ್ನೇ ಇಟ್ಟಿದ್ದರು. ಜಗತ್ತು ಆಗಲೇ ಅಷ್ಟು ಹತ್ತಿರವಾಗಿತ್ತು.

ಟಿಪ್ಪು ಒಬ್ಬನೇ ಮುತ್ತಿಗೆ ಮುಂದುವರಿಸಿದ. 1784ರ ಜನವರಿ ಕೊನೆಗೆ ಕೋಟೆ ಶರಣಾಯಿತು. ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಗೆದ್ದ ಜಾಗಗಳನ್ನು ಎರಡೂ ಕಡೆಯವರು ಮರಳಿಸಿದರು. ಕಂಪೆನಿಯ ಪ್ರತಿನಿಧಿಗಳು ಸುಲ್ತಾನನ ಬೀಡಿಗೆ ಬಂದು ಸಂಧಿ ಮಾಡಿಕೊಂಡದ್ದು ಲಂಡನ್‌ನಲ್ಲಿ ಹಲವರಿಗೆ ಅವಮಾನವಾಗಿ ಕಂಡಿತು.

ತದಡಿಯಿಂದ ಹೊರಟ ಹಡಗುಗಳು

ಇಷ್ಟಾದ ಮೇಲೆ ಟಿಪ್ಪು ಸುಮ್ಮನೆ ಕೂರಬಹುದಿತ್ತು. ರಾಜ್ಯ ದೊಡ್ಡದು, ಬೊಕ್ಕಸ ತುಂಬಿತ್ತು, ಸೈನ್ಯ ಬಲವಾಗಿತ್ತು. ಅವನು ಕೂರಲಿಲ್ಲ. 1786ರ ಮಾರ್ಚ್‌ನಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ನಾಲ್ಕು ಹಡಗುಗಳು ಹೊರಟವು. ಗುರಿ ತುರ್ಕಿಯ ಇಸ್ತಾಂಬುಲ್, ಖಲೀಫರ ಆಸ್ಥಾನ. ಮಸ್ಕತ್, ಬುಶೇರ್, ಬಸ್ರಾ ಮೂಲಕ ಪಯಣ. ರಾಯಭಾರಿಗಳ ಜೊತೆ ನೂರಾರು ಜನ.

ಟಿಪ್ಪುವಿಗೆ ಎರಡು ವಿಷಯ ಬೇಕಿತ್ತು. ಒಂದು, ತನ್ನ ಆಳ್ವಿಕೆಗೆ ಖಲೀಫರ ಮನ್ನಣೆ. ಮೈಸೂರಿನ ಅಧಿಕಾರ ಒಡೆಯರ ಮನೆತನದಿಂದ ಹೈದರ್ ಕೈಗೆ ಬಂದದ್ದರಿಂದ ಈ ಮನ್ನಣೆ ಮುಖ್ಯವಾಗಿತ್ತು. ಇನ್ನೊಂದು ವ್ಯಾಪಾರ. ಬಸ್ರಾ ಬಂದರಿನಲ್ಲಿ ಮೈಸೂರಿಗೆ ಜಾಗ ಕೊಟ್ಟರೆ ಮಂಗಳೂರಿನಲ್ಲಿ ತುರ್ಕರಿಗೆ ಜಾಗ ಕೊಡುತ್ತೇನೆ ಎಂಬ ಯೋಚನೆ ಅವನದು. ಜೊತೆಗೆ ಕುಶಲಕರ್ಮಿಗಳನ್ನೂ ಕೇಳಿದ್ದ.

ಮನ್ನಣೆ ಸಿಕ್ಕಿತು, ನೆರವು ಸಿಗಲಿಲ್ಲ. ತುರ್ಕಿಗೆ ಆಗ ರಷ್ಯಾ ಜೊತೆ ಯುದ್ಧದ ಚಿಂತೆ. ಅದಕ್ಕೆ ಇಂಗ್ಲಿಷರ ಸ್ನೇಹ ಬೇಕಿತ್ತು. ದಾರಿಯಲ್ಲಿ ಹಡಗುಗಳು ಹಾಳಾದವು, ರೋಗ ಬಂತು. ಹೊರಟವರಲ್ಲಿ ಹೆಚ್ಚಿನವರು ಊರು ಕಾಣಲಿಲ್ಲ.

ಇನ್ನೊಂದು ತಂಡ ಫ್ರಾನ್ಸಿಗೆ ಹೋಯಿತು. ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್ 1788ರ ಜೂನ್‌ನಲ್ಲಿ ತುಲೋನ್ ಬಂದರಿನಲ್ಲಿ ಇಳಿದರು. ಆಗಸ್ಟ್‌ನಲ್ಲಿ ವರ್ಸೈಲ್ಸ್ ಅರಮನೆಯಲ್ಲಿ ಹದಿನಾರನೇ ಲೂಯಿ ಅವರನ್ನು ಬರಮಾಡಿಕೊಂಡ. ಇವರನ್ನು ನೋಡಲು ಪ್ಯಾರಿಸ್‌ನ ಜನ ಮುಗಿಬಿದ್ದರು, ದರ್ವೇಶ್ ಖಾನ್‌ರ ಚಿತ್ರವನ್ನು ಅಲ್ಲಿನ ಪ್ರಸಿದ್ಧ ಕಲಾವಿದೆ ಬಿಡಿಸಿದರು. ಆದರೆ ಸೈನಿಕ ಒಪ್ಪಂದ ಆಗಲಿಲ್ಲ. ಫ್ರಾನ್ಸಿನ ಖಜಾನೆ ಖಾಲಿಯಾಗಿತ್ತು. ಮರುವರ್ಷವೇ ಅಲ್ಲಿ ಕ್ರಾಂತಿ ಆಯಿತು. ಸಿಕ್ಕಿದ್ದು ಕೆಲವು ಕುಶಲಕರ್ಮಿಗಳು, ಬೀಜಗಳು, ಪಿಂಗಾಣಿ ಸಾಮಾನು.

ಮಸ್ಕತ್ತಿನ ಕೋಠಿ

ಟಿಪ್ಪುವಿನ ಹೊರದೇಶದ ಕೆಲಸಗಳಲ್ಲಿ ಗಟ್ಟಿಯಾಗಿ ನಿಂತದ್ದು ಸೈನ್ಯದ್ದಲ್ಲ, ವ್ಯಾಪಾರದ್ದು. ಮಸ್ಕತ್‌ನಲ್ಲಿ ಮೈಸೂರಿನ ಸರಕಾರಿ ವ್ಯಾಪಾರದ ಕೋಠಿ ಇತ್ತು. ಕಛ್‌ನಲ್ಲೂ ಇತ್ತು. ಒಮಾನಿಗೆ ಮಂಗಳೂರಿನ ಅಕ್ಕಿ ಬೇಕು, ಮೈಸೂರಿಗೆ ಕುದುರೆ ಬೇಕು. ಇಬ್ಬರಿಗೂ ಲಾಭ, ಆದ್ದರಿಂದ ಸಂಬಂಧ ಉಳಿಯಿತು. ವ್ಯಾಪಾರಕ್ಕಾಗಿಯೇ ಪ್ರತ್ಯೇಕ ಇಲಾಖೆ ಮಾಡಿ, ಜನರೂ ಹಣ ಹಾಕಿ ಲಾಭದ ಪಾಲು ಪಡೆಯುವ ವ್ಯವಸ್ಥೆಯನ್ನು ಟಿಪ್ಪು ತಂದ. ರೇಷ್ಮೆಯನ್ನು ಮೈಸೂರಿನಲ್ಲಿ ಬೆಳೆಸಿದ್ದೂ ಹೊರಗಿನಿಂದ ತಂದ ಹುಳು ಮತ್ತು ವಿದ್ಯೆಯಿಂದಲೇ.

ಒಂದು ಬಾಗಿಲನ್ನು ಮಾತ್ರ ಅವನು ಮುಚ್ಚಿದ. ಇಂಗ್ಲಿಷ್ ಕಂಪೆನಿಗೆ ಕಾಳುಮೆಣಸು, ಏಲಕ್ಕಿ, ಶ್ರೀಗಂಧ ಮಾರುವುದಕ್ಕೆ ತಡೆ ಹಾಕಿದ. ವ್ಯಾಪಾರಿಯಾಗಿ ಬಂದವರು ಬಂಗಾಳದಲ್ಲಿ ದೊರೆಗಳಾದದ್ದನ್ನು ಅವನು ನೋಡಿದ್ದ. ತಲಚೇರಿಯ ಇಂಗ್ಲಿಷ್ ವ್ಯಾಪಾರಕ್ಕೆ ಇದು ದೊಡ್ಡ ಪೆಟ್ಟು ಕೊಟ್ಟಿತು. ಹಗೆಯೂ ಹೆಚ್ಚಿತು.

ನೆರೆಮನೆಯಲ್ಲೇ ಸೋಲು

ಟಿಪ್ಪು ಎಡವಿದ್ದು ಇಸ್ತಾಂಬುಲ್‌ನಲ್ಲೂ ಅಲ್ಲ, ಪ್ಯಾರಿಸ್‌ನಲ್ಲೂ ಅಲ್ಲ. ಪುಣೆಯಲ್ಲಿ, ಹೈದರಾಬಾದಿನಲ್ಲಿ, ತಿರುವಾಂಕೂರಿನಲ್ಲಿ. 1785ರಿಂದ 1787ರ ತನಕ ಮರಾಠರು ಮತ್ತು ನಿಝಾಮನ ಜೊತೆ ಯುದ್ಧ ನಡೆಯಿತು. ಗಜೇಂದ್ರಗಡದಲ್ಲಿ ಸಂಧಿಯಾದರೂ ಮನಸ್ಸು ಕೂಡಲಿಲ್ಲ. 1789ರ ಡಿಸೆಂಬರ್‌ನಲ್ಲಿ ಇಂಗ್ಲಿಷರ ಮಿತ್ರನಾಗಿದ್ದ ತಿರುವಾಂಕೂರಿನ ಕೋಟೆ ಸಾಲಿನ ಮೇಲೆ ದಾಳಿಯಾಯಿತು. ಕಾರ್ನ್‌ವಾಲಿಸ್‌ಗೆ ಬೇಕಾಗಿದ್ದ ಕಾರಣ ಸಿಕ್ಕಿತು. ಹತ್ತು ವರ್ಷ ಹಿಂದೆ ಮೈಸೂರಿನ ಜೊತೆ ನಿಂತಿದ್ದ ಮರಾಠರು ಮತ್ತು ನಿಝಾಮ 1790ರಲ್ಲಿ ಇಂಗ್ಲಿಷರ ಪಕ್ಕದಲ್ಲಿ ನಿಂತರು.

ಒಳಗಿನ ಮಾತೂ ಇದೆ. ಮಂಗಳೂರು ಒಪ್ಪಂದದ ಬಳಿಕ ಕರಾವಳಿಯ ಕ್ರೈಸ್ತರನ್ನು, ಇಂಗ್ಲಿಷರಿಗೆ ನೆರವಾದರೆಂಬ ಆರೋಪದಲ್ಲಿ, ಸಾವಿರಾರು ಸಂಖ್ಯೆಯಲ್ಲಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ದಾರಿಯಲ್ಲೇ ಎಷ್ಟೋ ಜೀವಗಳು ಹೋದವು. ಕೊಡಗು ಮತ್ತು ಮಲಬಾರಿನಲ್ಲೂ ದಂಗೆಯನ್ನು ಕಠಿಣವಾಗಿ ದಮನಿಸಲಾಯಿತು. ಮರಾಠಾ ಪಡೆ 1791ರಲ್ಲಿ ಶೃಂಗೇರಿ ಮಠವನ್ನು ದೋಚಿದಾಗ ಮಠಕ್ಕೆ ನೆರವು ಕಳಿಸಿದ್ದೂ ಇದೇ ಸುಲ್ತಾನ್. ಎರಡೂ ಇತಿಹಾಸವೇ. ಒಂದನ್ನು ಮಾತ್ರ ಹೇಳಿ ಇನ್ನೊಂದನ್ನು ಬಿಟ್ಟರೆ ಅದು ಚರಿತ್ರೆ ಆಗುವುದಿಲ್ಲ. ಗಡಿ ಭಾಗದ ಜನರ ವಿಶ್ವಾಸ ಕಳೆದುಕೊಂಡ ರಾಜ್ಯಕ್ಕೆ ಕಷ್ಟ ಕಾಲದಲ್ಲಿ ಅದೇ ಗಡಿಗಳು ದುರ್ಬಲವಾಗುತ್ತವೆ ಎಂಬುದು ಮೈಸೂರಿಗೆ ಮಲಬಾರಿನಲ್ಲೂ ಕೊಡಗಿನಲ್ಲೂ ತಿಳಿಯಿತು.

1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ. 3 ಕೋಟಿ 30 ಲಕ್ಷ ರೂಪಾಯಿ ದಂಡ. ಹಣ ತೀರುವ ತನಕ ಇಬ್ಬರು ಎಳೆಯ ಮಕ್ಕಳನ್ನು ಒತ್ತೆ ಇಡಬೇಕಾಯಿತು. ಮಲಬಾರು ಇಂಗ್ಲಿಷರಿಗೆ ಹೋಯಿತು. ಮಂಗಳೂರು, ಕಾಸರಗೋಡಿನ ಭಾಗ ಮಾತ್ರ ಉಳಿಯಿತು.

ಮಾರಿಷಸ್‌ನ ಡಂಗುರ

ಮಕ್ಕಳು 1794ರಲ್ಲಿ ಮರಳಿ ಬಂದರು. ಟಿಪ್ಪು ಮತ್ತೆ ಹೊರಗೆ ನೋಡಿದ. ಅಫ್ಘಾನ್ ದೊರೆ ಝಮಾನ್ ಶಾನಿಗೆ ಪತ್ರ ಹೋಯಿತು. 1797ರಲ್ಲಿ ರಿಪೋ ಎಂಬ ಫ್ರೆಂಚ್ ನಾವಿಕ ಕೆಟ್ಟುಹೋದ ಹಡಗಿನಲ್ಲಿ ಮಂಗಳೂರಿಗೆ ಬಂದ. ತಾನು ಫ್ರೆಂಚ್ ಸರಕಾರದ ಪ್ರತಿನಿಧಿ ಎಂದು ನಂಬಿಸಿದ. ಅವನ ಮಾತು ಕೇಳಿ ಟಿಪ್ಪು ಮಾರಿಷಸ್‌ಗೆ ಗುಟ್ಟಾಗಿ ದೂತರನ್ನು ಕಳಿಸಿದ.

ಅಲ್ಲಿ ಸೈನ್ಯವೇ ಇರಲಿಲ್ಲ. ಗವರ್ನರ್ ಮಲಾರ್ಟಿಕ್ ಗುಟ್ಟನ್ನೂ ಉಳಿಸಲಿಲ್ಲ. 1798ರ ಜನವರಿ 30ರಂದು, ಟಿಪ್ಪುವಿನ ಜೊತೆ ಸೇರಿ ಇಂಗ್ಲಿಷರ ವಿರುದ್ಧ ಹೋರಾಡಲು ಜನ ಬೇಕು ಎಂದು ಬಹಿರಂಗ ಪ್ರಕಟಣೆ ಹೊರಡಿಸಿದ. ಏಪ್ರಿಲ್‌ನಲ್ಲಿ ಮಂಗಳೂರಿಗೆ ಬಂದಿಳಿದವರು ಸುಮಾರು ನೂರು ಮಂದಿ. ಆ ಪ್ರಕಟಣೆಯ ಪ್ರತಿ ಮಾತ್ರ ಕಲ್ಕತ್ತಾ ತಲುಪಿತು. ಹೊಸ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೆ ಅಷ್ಟೇ ಸಾಕಿತ್ತು.

ಮುಂದೆ ನಡೆದದ್ದು ರಾಜತಾಂತ್ರಿಕತೆಯ ಚದುರಂಗ. 1798ರ ಸೆಪ್ಟೆಂಬರ್‌ನಲ್ಲಿ ನಿಝಾಮ ಕಂಪೆನಿಯ ಸಹಾಯಕ ಸೈನ್ಯ ಪದ್ಧತಿಗೆ ಒಪ್ಪಿದ. ಅಕ್ಟೋಬರ್‌ನಲ್ಲಿ ಮಸ್ಕತ್ ಸುಲ್ತಾನನೇ ಫ್ರೆಂಚರನ್ನು ದೂರವಿಡುವ ಒಪ್ಪಂದಕ್ಕೆ ಕಂಪೆನಿಯ ಜೊತೆ ಸಹಿ ಹಾಕಿದ. ನೆಪೋಲಿಯನ್ ಈಜಿಪ್ಟಿಗೆ ನುಗ್ಗಿದ್ದರಿಂದ ಸಿಟ್ಟಾದ ತುರ್ಕಿಯ ಸುಲ್ತಾನ್, ಫ್ರೆಂಚರ ಸಹವಾಸ ಬಿಡು ಎಂದು ಟಿಪ್ಪುವಿಗೇ ಪತ್ರ ಬರೆದ. ಅದನ್ನು ತಲುಪಿಸಿದ್ದು ಇಂಗ್ಲಿಷರು. ನೆಪೋಲಿಯನ್ ಟಿಪ್ಪುವಿಗೆ ಬರೆದ ಪತ್ರ ಜಿದ್ದಾದಲ್ಲೇ ಅವರ ಕೈಗೆ ಬಿತ್ತು. ಝಮಾನ್ ಶಾ ಲಾಹೋರ್ ತನಕ ಬಂದವನು ಮನೆಯ ಜಗಳದಿಂದ ವಾಪಸಾದ. ಟಿಪ್ಪು ಒಂದೊಂದಾಗಿ ಬಡಿದ ಬಾಗಿಲುಗಳನ್ನು ಎದುರಾಳಿ ಒಂದೊಂದಾಗಿ ಮುಚ್ಚಿಸಿದ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಓಡಿಹೋಗಲಿಲ್ಲ, ಶರಣಾಗಲಿಲ್ಲ. ಕೋಟೆಯ ಬಾಗಿಲಲ್ಲಿ ಕಾದಾಡುತ್ತಾ ಹುತಾತ್ಮನಾದ. ಮಂಗಳೂರಿನಿಂದ ಬೇಕಲದ ತನಕದ ನಾಡು ಕಂಪೆನಿಯ ಪಾಲಾಯಿತು.

ಸುಮ್ಮನಿದ್ದರೆ ಉಳಿಯುತ್ತಿದ್ದನೇ?

ಟಿಪ್ಪು ಹೊರಗಿನವರ ಗೊಡವೆಗೆ ಹೋಗದೆ ಇದ್ದಿದ್ದರೆ ಬದುಕುತ್ತಿದ್ದ ಎನ್ನುವವರಿದ್ದಾರೆ. ಆ ವಾದದಲ್ಲಿ ಸ್ವಲ್ಪ ಹುರುಳಿದೆ. ಮಾರಿಷಸ್‌ಗೆ ದೂತರು ಹೋಗದಿದ್ದರೆ ವೆಲ್ಲೆಸ್ಲಿಗೆ ಆ ನೆಪ ಸಿಗುತ್ತಿರಲಿಲ್ಲ. 1796ರಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅಧಿಕಾರ ಬಿಡುವ ಮುನ್ನ ತನ್ನ ಜನರಿಗೆ ಇದನ್ನೇ ಬುದ್ಧಿ ಹೇಳಿದ್ದ: ಎಲ್ಲರ ಜೊತೆ ವ್ಯಾಪಾರ ಇರಲಿ, ಯಾರ ಜೊತೆಗೂ ಶಾಶ್ವತ ರಾಜಕೀಯ ಕೂಟ ಬೇಡ. ಆದರೆ ಅಮೆರಿಕ ಮತ್ತು ಯುರೋಪಿನ ನಡುವೆ ಒಂದು ಮಹಾಸಾಗರವೇ ಇತ್ತು. ಮೈಸೂರಿನ ಶತ್ರು ಮದ್ರಾಸಿನಲ್ಲೇ ಕೂತಿದ್ದ.

ಬಾಗಿಲು ಮುಚ್ಚಿದವರ ಗತಿ ಏನಾಯಿತು ಎಂಬುದನ್ನೂ ನೋಡಬೇಕು. 1793ರಲ್ಲಿ ಇಂಗ್ಲೆಂಡಿನ ರಾಯಭಾರಿ ಮೆಕಾರ್ಟ್ನಿ ಬಂದಾಗ ಚೀನಾದ ಚಕ್ರವರ್ತಿ ತಮಗೆ ಹೊರಗಿನ ಸಾಮಾನೇ ಬೇಡ ಎಂದು ವಾಪಸು ಕಳಿಸಿದ. ಐವತ್ತು ವರ್ಷ ತುಂಬುವುದರೊಳಗೆ ಅಫೀಮು ಯುದ್ಧದಲ್ಲಿ ಸೋತ ಚೀನಾ ತನ್ನ ಬಂದರುಗಳನ್ನು ತೆರೆಯಬೇಕಾಯಿತು. ಇತ್ತ ಕಂಪೆನಿಗೆ ಎದುರಾಡದೆ ಒಪ್ಪಿಕೊಂಡ ನಿಝಾಮನ ಸಿಂಹಾಸನ ಉಳಿಯಿತು, ಸ್ವಾತಂತ್ರ್ಯ ಉಳಿಯಲಿಲ್ಲ.

ಹಾಗಾಗಿ ಟಿಪ್ಪು ಹೊರಗೆ ನೋಡಿದ್ದು ತಪ್ಪಲ್ಲ. ಅವನ ಕಾಲದ ಭಾರತದಲ್ಲಿ ಅಷ್ಟು ದೂರ ನೋಡಿದ ದೊರೆಗಳು ಬಹಳ ಕಡಿಮೆ. ಕೊರತೆ ಇದ್ದದ್ದು ಕ್ರಮದಲ್ಲಿ. ಮೊದಲು ಮನೆಯವರ ವಿಶ್ವಾಸ, ಆಮೇಲೆ ನೆರೆಯವರ ಸ್ನೇಹ, ಆಮೇಲೆ ದೂರದ ಗೆಳೆತನ. ಈ ಮೂರರಲ್ಲಿ ಮೊದಲೆರಡು ಸಡಿಲವಾದಾಗ ಮೂರನೆಯದು ಕೈಹಿಡಿಯಲಿಲ್ಲ. ದೂರದ ಪ್ರತಿಯೊಬ್ಬ ಗೆಳೆಯನಿಗೂ ಅವನದೇ ಯುದ್ಧ, ಅವನದೇ ಲೆಕ್ಕ ಇತ್ತು. ಎರಡೂ ಕಡೆಗೆ ಲಾಭವಿದ್ದ ಅಕ್ಕಿ, ಕುದುರೆಯ ವ್ಯಾಪಾರ ಮಾತ್ರ ವರ್ಷಗಟ್ಟಲೆ ನಡೆಯಿತು.

ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂಬುದು ಪೆರ್ಲದಂಥ ಗಡಿ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2020ರ ಮಾರ್ಚ್‌ನಲ್ಲಿ ಕೊರೋನಾ ಕಾರಣಕ್ಕೆ ಕರ್ನಾಟಕವು ಕಾಸರಗೋಡಿನ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ದಾರಿಯಲ್ಲೇ ಉಳಿದರು, ಜೀವಗಳೂ ಹೋದವು. ವಿಷಯ ಸುಪ್ರೀಂ ಕೋರ್ಟ್ ತನಕ ಹೋಗಬೇಕಾಯಿತು. 1990ರಲ್ಲಿ ಇರಾಕ್ ಕುವೈತಿಗೆ ನುಗ್ಗಿದಾಗ ಸುಮಾರು 1 ಲಕ್ಷ 70 ಸಾವಿರ ಭಾರತೀಯರನ್ನು ವಿಮಾನದಲ್ಲಿ ಊರಿಗೆ ತರಲು ಆದದ್ದು ಭಾರತಕ್ಕೆ ಬಾಗ್ದಾದ್‌ನಲ್ಲೂ ಅಮ್ಮಾನ್‌ನಲ್ಲೂ ಮಾತಾಡುವ ಮುಖ ಇದ್ದುದರಿಂದ. ಬಲವಾದ ದೇಶ ಬಾಗಿಲು ಹಾಕಿಕೊಂಡರೆ ಮೊದಲು ಹೊರಗೆ ಉಳಿಯುವುದು ಕೂಲಿಗೆ ಹೋದ ಬಡವನೇ.

ಟಿಪ್ಪು ಸುಲ್ತಾನ್ ಹೆಸರಿನಲ್ಲಿ ಜಯಕಾರವೂ ಆಗುತ್ತದೆ, ಜಗಳವೂ ಆಗುತ್ತದೆ. ಎರಡನ್ನೂ ಬದಿಗಿಟ್ಟು ಅವನ ರಾಯಭಾರಿಗಳ ದಾರಿಯನ್ನು ಯುವಕರು ಒಮ್ಮೆ ಭೂಪಟದಲ್ಲಿ ಬೆರಳಿಟ್ಟು ನೋಡಬೇಕು. ತದಡಿ, ಮಸ್ಕತ್, ಬಸ್ರಾ, ಇಸ್ತಾಂಬುಲ್. ಆಮೇಲೆ ಅದೇ ಬೆರಳನ್ನು ಪುಣೆ, ಹೈದರಾಬಾದ್, ಮಡಿಕೇರಿಯ ಮೇಲೆ ಇಡಬೇಕು. ಎಷ್ಟು ಹತ್ತಿರದ ದಾರಿ, ಎಷ್ಟು ಕಷ್ಟದ ದಾರಿ ಎಂದು ಆಗ ಗೊತ್ತಾಗುತ್ತದೆ.