ಚೆಂಡು ಕೈಗೆ ತಲುಪಬೇಕಲ್ಲ! ವಿಲ್ಟ್ ಚೇಂಬರ್ಲೇನ್ ಜೀವನ

ರೋಣ, ನರಗುಂದ, ಗಜೇಂದ್ರಗಡದ ಕಡೆಯಿಂದ ಬಂದ ನಮ್ಮಂಥವರಿಗೆ ಆಟ ಅಂದ್ರೆ ಮೊದಲು ಕಬಡ್ಡಿ, ವಾಲಿಬಾಲ್, ಆಮೇಲೆ ಕ್ರಿಕೆಟ್. ಬಾಸ್ಕೆಟ್‌ಬಾಲ್ ಕೋರ್ಟನ್ನು ಹತ್ತಿರದಿಂದ ನೋಡಿದ್ದೇ ನಮ್ಮಲ್ಲಿ ಬಹಳ ಮಂದಿ ಕಾಲೇಜಿಗೆ ಬಂದ ಮೇಲೆ. ಆದರೂ ಈ ಆಟದ ಒಂದು ಸಮಸ್ಯೆ ನಮಗೆ ಹೊಸದಲ್ಲ. ಊರಿನ ವಾಲಿಬಾಲ್ ತಂಡದಲ್ಲಿ ಒಬ್ಬ ಎತ್ತರದ ಹುಡುಗ ಇದ್ದೇ ಇರ್ತಾನೆ. ಕಷ್ಟ ಬಂದಾಗೆಲ್ಲ ಚೆಂಡು ಅವನಿಗೇ. ಕೊನೆಯ ಪಾಯಿಂಟಿಗೆ ಎದುರಿನವರು ಮೂರು ಮಂದಿ ಅವನ ಮುಂದೆಯೇ ಜಿಗಿಯೋಕೆ ತಯಾರಾಗಿ ನಿಂತರೆ? ಆಗಲೂ ಅವನಿಗೇ ಕೊಡೋದಾ, ಬೇರೆಯವನಿಗೆ ಕೊಡೋದಾ?

ಈ ಪ್ರಶ್ನೆಯನ್ನು ಶಾಲೆಯಿಂದ ಹಿಡಿದು ಆಟದ ಕೊನೆಯವರೆಗೂ ಎದುರಿಸಿದವರು ವಿಲ್ಟ್ ಚೇಂಬರ್ಲೇನ್. ಒಂದೇ ಪಂದ್ಯದಲ್ಲಿ 100 ಅಂಕ ಹೊಡೆದವರು ಅಂತ ಅವರ ಹೆಸರು ಕ್ವಿಜ್‌ಗಳಲ್ಲಿ ಬರುತ್ತೆ. ಆದರೆ ಅಷ್ಟು ದೊಡ್ಡ ಆಟಗಾರ ದೊಡ್ಡ ಪಂದ್ಯಗಳ ಕೊನೆಯಲ್ಲಿ ಯಾಕೆ ಮತ್ತೆ ಮತ್ತೆ ಸೋತರು ಅನ್ನೋದು ಅದಕ್ಕಿಂತ ಕುತೂಹಲದ ವಿಷಯ.

ಬಾಗಿಲಿಗೆ ತಲೆ ಬಗ್ಗಿಸಿದ ಹುಡುಗ

ವಿಲ್ಟ್ ಹುಟ್ಟಿದ್ದು 1936ರ ಆಗಸ್ಟ್ 21ರಂದು, ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ. ಒಂಬತ್ತು ಮಕ್ಕಳ ದೊಡ್ಡ ಕುಟುಂಬ. ತಾಯಿ ಬೇರೆಯವರ ಮನೆಗಳಲ್ಲಿ ಕೆಲಸ ಮಾಡುತ್ತಿದ್ದರು. ಚಿಕ್ಕವನಿದ್ದಾಗ ನ್ಯುಮೋನಿಯಾ ಬಂದು ಹುಡುಗ ಸಾಯುವ ಸ್ಥಿತಿಗೆ ಹೋಗಿ ಬದುಕಿದ, ಒಂದು ವರ್ಷ ಶಾಲೆಗೇ ಹೋಗಲಿಲ್ಲ. ಮೊದಮೊದಲು ಅವನಿಗೆ ಇಷ್ಟ ಇದ್ದದ್ದು ಓಟ ಮತ್ತು ಎತ್ತರ ಜಿಗಿತ. ಬಾಸ್ಕೆಟ್‌ಬಾಲ್ ಆಮೇಲೆ ಬಂತು.

ಬೆಳೆದು ನಿಂತಾಗ ಎತ್ತರ 7 ಅಡಿ 1 ಇಂಚು, ಅಂದ್ರೆ ಸುಮಾರು 216 ಸೆಂಟಿಮೀಟರ್. ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾಗಿದ್ದರಿಂದ ಗೆಳೆಯರು ಡಿಪ್ಪರ್ ಅಂತ ಕರೆದರು. ಆ ಹೆಸರು ಅವರಿಗೆ ಇಷ್ಟ. ಪತ್ರಿಕೆಗಳು ಇಟ್ಟ ಸ್ಟಿಲ್ಟ್, ಅಂದ್ರೆ ಮರಗಾಲು, ಅನ್ನೋ ಹೆಸರು ಕಂಡರೆ ಆಗುತ್ತಿರಲಿಲ್ಲ.

ಓವರ್‌ಬ್ರೂಕ್ ಹೈಸ್ಕೂಲಿನಲ್ಲೇ ಅವರ ಕಥೆಯ ಮಾದರಿ ತಯಾರಾಯಿತು. 1953ರ ಫಿಲಡೆಲ್ಫಿಯಾ ನಗರ ಫೈನಲ್‌ನಲ್ಲಿ ಎದುರಾಳಿ ವೆಸ್ಟ್ ಕ್ಯಾಥೊಲಿಕ್ ಶಾಲೆ ವಿಲ್ಟ್ ಒಬ್ಬರ ಸುತ್ತ ನಾಲ್ಕು ಜನರನ್ನು ನಿಲ್ಲಿಸಿತು. ವಿಲ್ಟ್ 29 ಅಂಕ ಹೊಡೆದರೂ ತಂಡ 54-42ರಿಂದ ಸೋತಿತು. ಒಬ್ಬನನ್ನು ಮುಚ್ಚಿದರೆ ಸಾಕು ಅನ್ನೋ ಪಾಠ ಎದುರಾಳಿಗಳಿಗೆ ಆಗಲೇ ಸಿಕ್ಕಿತು.

1957: ಮೂರು ಓವರ್‌ಟೈಮ್

1955ರಲ್ಲಿ ವಿಲ್ಟ್ ಕಾನ್ಸಾಸ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಬಾಸ್ಕೆಟ್‌ಬಾಲ್ ಆಟವನ್ನೇ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಪಾಠ ಮಾಡಿದ ಕ್ಯಾಂಪಸ್ ಅದು. ಮೊದಲ ವರ್ಷದವರು ಮುಖ್ಯ ತಂಡದಲ್ಲಿ ಆಡೋ ಹಾಗಿರಲಿಲ್ಲ. 1956ರ ಡಿಸೆಂಬರ್ 3ರಂದು ಮುಖ್ಯ ತಂಡದ ಪರ ಆಡಿದ ಮೊದಲ ಪಂದ್ಯದಲ್ಲೇ 52 ಅಂಕ, 31 ರಿಬೌಂಡ್! ಕೋರ್ಟಿನ ಹೊರಗಿನ ಬದುಕು ಬೇರೆ. ಲಾರೆನ್ಸ್ ಊರಿನ ಕೆಲವು ಹೋಟೆಲುಗಳಲ್ಲಿ ಕಪ್ಪು ಜನರಿಗೆ ಊಟ ಕೊಡುತ್ತಿರಲಿಲ್ಲ. ವಿಲ್ಟ್ ಒಳಗೆ ಹೋಗಿ ಕೂತುಬಿಡುತ್ತಿದ್ದರು.

1957ರ ಮಾರ್ಚ್ 23ರಂದು ಕಾನ್ಸಾಸ್ ಸಿಟಿಯಲ್ಲಿ ಕಾಲೇಜು ಫೈನಲ್. ಎದುರಾಳಿ ನಾರ್ತ್ ಕ್ಯಾರೊಲಿನಾ ಆ ಸೀಸನ್‌ನಲ್ಲಿ ಒಂದೂ ಪಂದ್ಯ ಸೋತಿರಲಿಲ್ಲ. ಆದರೆ ಹಿಂದಿನ ರಾತ್ರಿಯಷ್ಟೇ ಸೆಮಿಫೈನಲ್‌ನಲ್ಲಿ ಮೂರು ಓವರ್‌ಟೈಮ್ ಆಡಿ ದಣಿದಿತ್ತು. ಅದರ ಕೋಚ್ ಫ್ರ್ಯಾಂಕ್ ಮೆಗ್ವೈರ್ ತಲೆಯಾಟ ಶುರು ಮಾಡಿದ್ದು ಮೊದಲ ಕ್ಷಣದಲ್ಲೇ. ಆರಂಭದ ಜಂಪ್ ಬಾಲ್‌ಗೆ ವಿಲ್ಟ್ ಎದುರು ತಂಡದ ಗಿಡ್ಡ ಆಟಗಾರ, 5 ಅಡಿ 11 ಇಂಚಿನ ಟಾಮಿ ಕರ್ನ್ಸ್‌ರನ್ನು ಕಳಿಸಿದರು. ಹೇಗೂ ಆ ಚೆಂಡು ಸಿಗಲ್ಲ, ಎತ್ತರದವರನ್ನು ಯಾಕೆ ವ್ಯರ್ಥ ಮಾಡೋದು ಅನ್ನೋ ಲೆಕ್ಕ. ಆಮೇಲೆ ಇಡೀ ಪಂದ್ಯ ವಿಲ್ಟ್ ಮುಂದೆ ಒಬ್ಬರು, ಹಿಂದೆ ಮತ್ತೊಬ್ಬರು. ಹೊರಗಿನಿಂದ ಬೇರೆಯವರು ಬೇಕಾದರೆ ಹೊಡೆಯಲಿ, ಒಳಗೆ ಮಾತ್ರ ಚೆಂಡು ಹೋಗಬಾರದು.

ಆಗ ಕಾಲೇಜು ಆಟದಲ್ಲಿ ಶಾಟ್ ಕ್ಲಾಕ್ ಇರಲಿಲ್ಲ. ಚೆಂಡು ಹಿಡಿದು ಎಷ್ಟು ಹೊತ್ತಾದರೂ ಕಾಯಬಹುದಿತ್ತು. ನಿಗದಿತ ಸಮಯದ ಕೊನೆಗೆ 46-46. ಮೊದಲ ಓವರ್‌ಟೈಮ್ ನಂತರ 48-48. ಎರಡನೆಯದರಲ್ಲಿ ಯಾರೂ ಒಂದು ಅಂಕವನ್ನೂ ಗಳಿಸಲಿಲ್ಲ. ಮೂರನೆಯದರ ಕೊನೆಯಲ್ಲಿ 6 ಸೆಕೆಂಡ್ ಉಳಿದಾಗ ನಾರ್ತ್ ಕ್ಯಾರೊಲಿನಾದ ಜೋ ಕ್ವಿಗ್ ಎರಡು ಫ್ರೀ ಥ್ರೋ ಹಾಕಿ 54-53 ಮಾಡಿದರು.

ಈಗ ಕಾನ್ಸಾಸ್ ಏನು ಮಾಡುತ್ತೆ ಅನ್ನೋದು ಸ್ಟೇಡಿಯಂನಲ್ಲಿದ್ದ ಎಲ್ಲರಿಗೂ ಗೊತ್ತು. ರಾನ್ ಲೋನೆಸ್ಕಿ ಎತ್ತರದಿಂದ ವಿಲ್ಟ್ ಕಡೆಗೆ ಚೆಂಡು ಎಸೆದರು. ಅದೇ ಕ್ವಿಗ್ ಅದನ್ನು ತಟ್ಟಿದರು, ಕರ್ನ್ಸ್ ಹಿಡಿದು ಮೇಲಕ್ಕೆ ತೂರಿದರು, ಚೆಂಡು ಕೆಳಗೆ ಬರೋದರೊಳಗೆ ಸಮಯ ಮುಗಿದಿತ್ತು. 23 ಅಂಕ, 14 ರಿಬೌಂಡ್ ಗಳಿಸಿದ ವಿಲ್ಟ್ ಟೂರ್ನಿಯ ಶ್ರೇಷ್ಠ ಆಟಗಾರ ಅನಿಸಿಕೊಂಡರು. ಆದರೆ ಆ ಕೊನೆಯ ಚೆಂಡು ಅವರ ಕೈಗೆ ಬರಲೇ ಇಲ್ಲ.

ಮುಂದೆ ನಿಂತವನನ್ನು ದಾಟೋದು ಹೇಗೆ?

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕೋಣ, ನಾವು ಇಂಜಿನಿಯರಿಂಗ್‌ನವರಲ್ಲವೇ. ಸಾಮಾನ್ಯವಾಗಿ ಡಿಫೆಂಡರ್ ಸೆಂಟರ್ ಆಟಗಾರನ ಬೆನ್ನ ಹಿಂದೆ, ಬುಟ್ಟಿಯ ಕಡೆ ನಿಲ್ತಾನೆ. ಅವನು ಮುಂದೆ ಬಂದು ಚೆಂಡು ಮತ್ತು ಸೆಂಟರ್ ನಡುವಿನ ಗೆರೆಯ ಮೇಲೆ ನಿಂತರೆ ಅದನ್ನು ಫ್ರಂಟಿಂಗ್ ಅಂತಾರೆ. ಆಗ ನೇರ ಪಾಸ್ ಬಂದ್. ಉಳಿಯೋದು ತಲೆಯ ಮೇಲಿನಿಂದ ಕೊಡುವ ಲಾಬ್ ಒಂದೇ.

ಲಾಬ್‌ನ ತೊಂದರೆ ಸಮಯ. ಕೈಯಿಂದ 1.2 ಮೀಟರ್ ಮೇಲೆದ್ದು ಮತ್ತೆ ಅದೇ ಎತ್ತರಕ್ಕೆ ಇಳಿಯುವ ಚೆಂಡಿಗೆ ಸುಮಾರು 1 ಸೆಕೆಂಡ್ ಬೇಕು. 6 ಮೀಟರ್ ದೂರಕ್ಕೆ ಸೆಕೆಂಡಿಗೆ 12 ಮೀಟರ್ ವೇಗದ ನೇರ ಪಾಸ್‌ಗೆ ಅರ್ಧ ಸೆಕೆಂಡ್ ಸಾಕು. ಆ ಹೆಚ್ಚುವರಿ ಅರ್ಧ ಸೆಕೆಂಡಿನಲ್ಲಿ ಹಿಂದಿನ ಡಿಫೆಂಡರ್ ಎರಡು ಹೆಜ್ಜೆ ಇಟ್ಟುಬಿಡ್ತಾನೆ. ಸೆಂಟರ್ ಎಷ್ಟೇ ಎತ್ತರ ಇರಲಿ, ಗಾಳಿಯಲ್ಲಿರುವ ಚೆಂಡು ಇನ್ನೂ ಅವನದಲ್ಲ.

ಇದಕ್ಕೆ ಇವತ್ತು ಕೋಚ್‌ಗಳು ಹೇಳಿಕೊಡುವ ಉತ್ತರಗಳಲ್ಲಿ ಮೂರು ಮುಖ್ಯ. ಒಂದು, ಚೆಂಡನ್ನು ಕೋರ್ಟಿನ ಇನ್ನೊಂದು ಬದಿಗೆ ದಾಟಿಸೋದು. ಚೆಂಡಿನ ಜಾಗ ಬದಲಾದರೆ ಗೆರೆಯೂ ಬದಲಾಗುತ್ತೆ. ಮುಂದೆ ನಿಂತವನನ್ನು ಸೆಂಟರ್ ತನ್ನ ಬೆನ್ನಿನಿಂದ ತಡೆದು ಹಿಡಿದರೆ ಅವನು ಈಗ ತಪ್ಪು ಬದಿಯಲ್ಲಿ ಉಳಿದ ಹಾಗೆ. ಎರಡು, ಇನ್ನೊಬ್ಬ ಆಟಗಾರ ಫ್ರೀ ಥ್ರೋ ಗೆರೆಯ ಹತ್ತಿರ ಬಂದು ಚೆಂಡು ಹಿಡಿದು ಅಲ್ಲಿಂದ ಒಳಗೆ ಕೊಡೋದು. ಬದಿಯಿಂದ ಮುಚ್ಚಿದ್ದ ದಾರಿ ಎದುರಿನಿಂದ ತೆರೆದಿರುತ್ತೆ. ಮೂರು, ಲಾಬ್ ಕೊಡಲೇಬೇಕಾದರೆ ಎದುರು ಬದಿಯ ಜೊತೆಗಾರರು ದೂರ ಸರಿದು ತಮ್ಮ ಡಿಫೆಂಡರ್‌ಗಳನ್ನೂ ಎಳೆದುಕೊಂಡು ಹೋಗೋದು. ಮೂರರಲ್ಲೂ ಗಮನಿಸಿ, ಸೆಂಟರ್‌ಗಿಂತ ಹೆಚ್ಚು ಕೆಲಸ ಉಳಿದ ನಾಲ್ವರದು.

ನೂರು ಅಂಕ ಮತ್ತು ಫ್ರೀ ಥ್ರೋ

ಮೂರು ಮೂರು ಜನ ಮುತ್ತುವುದು, ಚೆಂಡು ಹಿಡಿದು ಕಾಲ ಕಳೆಯುವುದು, ಈ ಆಟ ಸಾಕಾಗಿ ವಿಲ್ಟ್ 1958ರಲ್ಲಿ ಕಾಲೇಜು ಮುಗಿಸದೇ ಹೊರಬಂದರು. ಎನ್‌ಬಿಎ ನಿಯಮದ ಪ್ರಕಾರ ಇನ್ನೂ ಒಂದು ವರ್ಷ ಕಾಯಬೇಕಿತ್ತು. ಆ ವರ್ಷ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಜೊತೆ ಊರೂರು ಸುತ್ತಿದರು, ಮಾಸ್ಕೋವರೆಗೂ ಹೋಗಿಬಂದರು.

1959ರಲ್ಲಿ ಫಿಲಡೆಲ್ಫಿಯಾ ವಾರಿಯರ್ಸ್ ಸೇರಿದ ಮೇಲೆ ದಾಖಲೆಗಳ ಮಳೆ. ಒಂದೇ ಪಂದ್ಯದಲ್ಲಿ 55 ರಿಬೌಂಡ್. 1961-62ರ ಸೀಸನ್‌ನಲ್ಲಿ ಪಂದ್ಯಕ್ಕೆ ಸರಾಸರಿ 50.4 ಅಂಕ. 1962ರ ಮಾರ್ಚ್ 2ರಂದು ಹರ್ಶಿ ಎಂಬ ಪಟ್ಟಣದಲ್ಲಿ ನ್ಯೂಯಾರ್ಕ್ ನಿಕ್ಸ್ ವಿರುದ್ಧ ಆ 100 ಅಂಕ. 1964ರಲ್ಲಿ ಬುಟ್ಟಿಯ ಮುಂದಿನ ಲೇನನ್ನು 12 ಅಡಿಯಿಂದ 16 ಅಡಿಗೆ ಅಗಲ ಮಾಡಿದ್ದೂ ಇವರನ್ನು ಬುಟ್ಟಿಯಿಂದ ಸ್ವಲ್ಪ ದೂರ ಇಡೋಕೆ.

ಆದರೆ ಒಂದು ದೌರ್ಬಲ್ಯ ಇತ್ತು, ಫ್ರೀ ಥ್ರೋ. ವೃತ್ತಿಜೀವನದ ಸರಾಸರಿ 51.1 ಪರ್ಸೆಂಟ್, ಅಂದ್ರೆ ಎರಡರಲ್ಲಿ ಒಂದು ಮಿಸ್. ಹಾಗಾಗಿ ಕೊನೆಯ ನಿಮಿಷಗಳಲ್ಲಿ ಎದುರಾಳಿಗಳಿಗೆ ಇನ್ನೊಂದು ದಾರಿ ಸಿಕ್ಕಿತು. ಚೆಂಡು ಅವರ ಕೈಗೆ ತಲುಪಿದರೂ ಬೇಕಂತಲೇ ಫೌಲ್ ಮಾಡಿದರಾಯಿತು. 100 ಅಂಕದ ಆ ಸೀಸನ್‌ನಲ್ಲಿ ವಿಲ್ಟ್ ಎರಡೂ ಕೈಯಿಂದ ಕೆಳಗಿನಿಂದ ತೂಗಿ ಎಸೆಯುತ್ತಿದ್ದರು. ಆಗ ಅವರ ಲೆಕ್ಕ 61.3 ಪರ್ಸೆಂಟ್, ಅವರ ಜೀವನದಲ್ಲೇ ಅತಿ ಹೆಚ್ಚು. 100 ಅಂಕದ ಪಂದ್ಯದಲ್ಲಂತೂ 32ರಲ್ಲಿ 28 ಹಾಕಿದರು. ಆದರೂ ನೋಡೋಕೆ ಚೆಂದ ಕಾಣಲ್ಲ ಅನ್ನೋ ಮುಜುಗರಕ್ಕೆ ಆ ಶೈಲಿ ಬಿಟ್ಟುಬಿಟ್ಟರು. ಅದೇ ರೀತಿ ಎಸೆಯುತ್ತಿದ್ದ ರಿಕ್ ಬ್ಯಾರಿ ವೃತ್ತಿಜೀವನ ಪೂರ್ತಿ ನೂರಕ್ಕೆ ಸುಮಾರು 89 ಹಾಕಿದರು. ಕೆಲಸ ಮಾಡುವ ವಿಧಾನವನ್ನು ಜನ ನಗ್ತಾರೆ ಅಂತ ಬಿಡೋದು, ಇದಕ್ಕೆ ವಿಲ್ಟ್ ತೆತ್ತ ಬೆಲೆ ದೊಡ್ಡದು.

1965: ಈ ಸಲ ಚೆಂಡು ಬೇರೆಯವರಿಗೆ

ಆ ಬೆಲೆ 1965ರ ಏಪ್ರಿಲ್ 15ರಂದು ಕಣ್ಣಿಗೆ ಕಂಡಿತು. ವಿಲ್ಟ್ ಆಗ ಫಿಲಡೆಲ್ಫಿಯಾ 76ಅರ್ಸ್ ತಂಡದಲ್ಲಿದ್ದರು. ಎದುರಿಗೆ ಬಿಲ್ ರಸೆಲ್ ಅವರ ಬಾಸ್ಟನ್ ಸೆಲ್ಟಿಕ್ಸ್. ಸರಣಿಯ 7ನೇ ಪಂದ್ಯ, 5 ಸೆಕೆಂಡ್ ಬಾಕಿ, ಬಾಸ್ಟನ್ 110-109ರಿಂದ ಮುಂದೆ. ರಸೆಲ್ ಒಳಗೆಸೆದ ಚೆಂಡು ಬುಟ್ಟಿಯನ್ನು ಹಿಡಿದಿದ್ದ ತಂತಿಗೆ ತಾಗಿತು, ಚೆಂಡು ಫಿಲಡೆಲ್ಫಿಯಾ ಪಾಲಾಯಿತು.

ಆ ಪಂದ್ಯದಲ್ಲಿ ವಿಲ್ಟ್ 30 ಅಂಕ, 32 ರಿಬೌಂಡ್ ಗಳಿಸಿದ್ದರು. ಆದರೂ ಕೊನೆಯ ಚೆಂಡು ಅವರಿಗಲ್ಲ. ಅವರಿಗೆ ಕೊಟ್ಟರೆ ಫೌಲ್, ಆಮೇಲೆ ಫ್ರೀ ಥ್ರೋ ಅನ್ನೋ ಭಯ. ಹಾಲ್ ಗ್ರೀರ್ ಚೆಂಡನ್ನು ಚೆಟ್ ವಾಕರ್ ಕಡೆ ಎಸೆದರು. ಬಾಸ್ಟನ್‌ನ ಜಾನ್ ಹ್ಯಾವ್ಲಿಚೆಕ್ ಓರೆಗಣ್ಣಲ್ಲಿ ನೋಡಿ ಕೈ ಚಾಚಿ ತಟ್ಟಿಬಿಟ್ಟರು. ಅಲ್ಲಿಗೆ ಮುಗಿಯಿತು.

1957ರಲ್ಲಿ ವಿಲ್ಟ್‌ಗೆ ಕೊಡೋಕೆ ಹೋಗಿ ಸೋತರು, 1965ರಲ್ಲಿ ವಿಲ್ಟ್‌ಗೆ ಕೊಡದೇ ಸೋತರು. ಹಾಗಾದರೆ ಕೊಡಬೇಕೋ ಬೇಡವೋ ಅನ್ನೋ ಪ್ರಶ್ನೆಯೇ ಸರಿ ಇಲ್ಲ ಅಂತಾಯ್ತು.

ಕೊಡೋದನ್ನು ಕಲಿತ ವರ್ಷ

1966ರಲ್ಲಿ ಅಲೆಕ್ಸ್ ಹ್ಯಾನಮ್ ಕೋಚ್ ಆಗಿ ಬಂದರು. ವಿಲ್ಟ್ ಬರೀ ಚೆಂಡು ತಲುಪಬೇಕಾದ ಜಾಗ ಆಗಿರಬಾರದು, ಚೆಂಡು ಹಾದುಹೋಗುವ ಜಾಗವೂ ಆಗಬೇಕು ಅನ್ನೋದು ಅವರ ಯೋಜನೆ. ವಿಲ್ಟ್ ಚೆಂಡು ಹಿಡಿದು ನಿಲ್ಲೋದು, ಗ್ರೀರ್, ವಾಕರ್, ಬಿಲ್ಲಿ ಕನಿಂಗ್‌ಹ್ಯಾಮ್ ಸುತ್ತಲಿಂದ ಬುಟ್ಟಿಯ ಕಡೆ ನುಗ್ಗೋದು. ವಿಲ್ಟ್ ಮೇಲೆ ಇಬ್ಬರು ಬಿದ್ದರೆ ಯಾರೋ ಒಬ್ಬ ಖಾಲಿ ಇರಲೇಬೇಕು, ಚೆಂಡು ಅವನಿಗೆ.

ವಿಲ್ಟ್ ಸರಾಸರಿ 33.5ರಿಂದ 24.1 ಅಂಕಕ್ಕೆ ಇಳಿಯಿತು, ಅಸಿಸ್ಟ್ ಪಂದ್ಯಕ್ಕೆ 7.8ಕ್ಕೆ ಏರಿತು. ತಂಡ 68 ಪಂದ್ಯ ಗೆದ್ದು 13 ಮಾತ್ರ ಸೋತಿತು. ಸತತ 8 ವರ್ಷ ಚಾಂಪಿಯನ್ ಆಗಿದ್ದ ಬಾಸ್ಟನ್ ಅನ್ನು 4-1ರಿಂದ, ಫೈನಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ವಾರಿಯರ್ಸ್ ತಂಡವನ್ನು 4-2ರಿಂದ ಸೋಲಿಸಿ 1967ರಲ್ಲಿ ವಿಲ್ಟ್ ಮೊದಲ ಸಲ ಚಾಂಪಿಯನ್ ಆದರು.

ಅಲ್ಲಿಂದ ಎಲ್ಲ ಸರಿಹೋಯ್ತು ಅಂದರೆ ಸುಳ್ಳಾಗುತ್ತೆ. ಮರುವರ್ಷ ವಿಲ್ಟ್ 702 ಅಸಿಸ್ಟ್‌ಗಳಿಂದ ಇಡೀ ಲೀಗ್‌ಗೇ ಮೊದಲಿಗರಾದರು. ಆದರೆ ಬಾಸ್ಟನ್ ವಿರುದ್ಧ 3-1 ಮುಂದಿದ್ದ ಸರಣಿ ಕೈಬಿಟ್ಟು ಹೋಯಿತು. 7ನೇ ಪಂದ್ಯದ ದ್ವಿತೀಯಾರ್ಧದಲ್ಲಿ ಅವರು ಬುಟ್ಟಿಗೆ ಎಸೆದದ್ದು ಎರಡೇ ಸಲ. 1969ರಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ಪರ ಮತ್ತೊಂದು 7ನೇ ಪಂದ್ಯ. ಮೊಣಕಾಲು ನೋವಿಗೆ ಹೊರಬಂದ ವಿಲ್ಟ್‌ರನ್ನು ಕೋಚ್ ಮತ್ತೆ ಇಳಿಸಲಿಲ್ಲ. ತಂಡ 108-106ರಿಂದ ಸೋತಿತು. ಈ ಸಲ ಅವರು ಬೆಂಚಿನಿಂದ ನೋಡಿದರು.

ಎರಡನೆಯ ಗೆಲುವು ಬಂದದ್ದು 1972ರಲ್ಲಿ, 35ನೇ ವಯಸ್ಸಿನಲ್ಲಿ. ಲೇಕರ್ಸ್ ಸತತ 33 ಪಂದ್ಯ ಗೆದ್ದ ಸೀಸನ್ ಅದು. ವಿಲ್ಟ್ ಸರಾಸರಿ 14.8 ಅಂಕ ಮಾತ್ರ, ಕೆಲಸವೆಲ್ಲ ರಿಬೌಂಡ್ ಮತ್ತು ಡಿಫೆನ್ಸ್. ಫೈನಲ್‌ನ ಕೊನೆಯ ಪಂದ್ಯದಲ್ಲಿ ಪೆಟ್ಟಾದ ಕೈಯಲ್ಲೇ 24 ಅಂಕ, 29 ರಿಬೌಂಡ್ ಗಳಿಸಿ ಫೈನಲ್ಸ್‌ನ ಶ್ರೇಷ್ಠ ಆಟಗಾರರಾದರು.

ಕೊನೆಯ ವರ್ಷಗಳು

1973ರಲ್ಲಿ ಎನ್‌ಬಿಎ ಬಿಟ್ಟಾಗ ಖಾತೆಯಲ್ಲಿ 31,419 ಅಂಕ, 23,924 ರಿಬೌಂಡ್. 1,045 ಪಂದ್ಯಗಳಲ್ಲಿ ಒಮ್ಮೆಯೂ ಫೌಲ್ ಹೆಚ್ಚಾಗಿ ಹೊರಹೋದವರಲ್ಲ. ಆಮೇಲೆ ಅವರು ಹಿಡಿದದ್ದು ನಮ್ಮೂರ ಆಟ ವಾಲಿಬಾಲ್! ವೃತ್ತಿಪರ ವಾಲಿಬಾಲ್ ಲೀಗ್ ಒಂದರಲ್ಲಿ ಆಡಿದರು, ಅದರ ಅಧ್ಯಕ್ಷರೂ ಆದರು.

1957ರ ಸೋಲಿನ ನೋವಿಗೆ ಕಾನ್ಸಾಸ್ ಕಡೆ ವರ್ಷಗಟ್ಟಲೆ ದೂರವೇ ಉಳಿದಿದ್ದರು. 1998ರ ಜನವರಿಯಲ್ಲಿ ವಿಶ್ವವಿದ್ಯಾಲಯ ಅವರ 13ನೇ ನಂಬರ್ ಜೆರ್ಸಿಗೆ ಗೌರವ ಕೊಟ್ಟಾಗ ಹಳೇ ಕಾಲೇಜು ಜಾಕೆಟ್ ಹಾಕಿಕೊಂಡು ಬಂದರು. ತಮ್ಮಿಂದ ಸೋತೆವು ಅಂತ ನಾಲ್ಕು ದಶಕ ಅಂದುಕೊಂಡಿದ್ದ ಮನುಷ್ಯನಿಗೆ ಇಡೀ ಸ್ಟೇಡಿಯಂ ಎದ್ದು ಚಪ್ಪಾಳೆ ತಟ್ಟಿತು. ಮರುವರ್ಷ ಅಕ್ಟೋಬರ್ 12ರಂದು ಲಾಸ್ ಏಂಜಲೀಸ್‌ನ ಮನೆಯಲ್ಲಿ ಹೃದಯದ ತೊಂದರೆಯಿಂದ ತೀರಿಕೊಂಡರು. ವಯಸ್ಸು 63.

ರಸೆಲ್‌ಗೆ 11 ಚಾಂಪಿಯನ್‌ಶಿಪ್, ವಿಲ್ಟ್‌ಗೆ 2 ಅಂತ ಹೇಳಿ ಇವರನ್ನು ಸೋತವರ ಸಾಲಿಗೆ ಸೇರಿಸೋರು ಇದ್ದಾರೆ. ನಮಗೆ ಹಾಗನ್ನಿಸಲ್ಲ. ಫ್ರೀ ಥ್ರೋ ತಪ್ಪಿದ್ದು ಅವರ ಲೆಕ್ಕಕ್ಕೆ ಬರಲಿ. ಆದರೆ ತಲುಪದ ಪಾಸ್ ಐದೂ ಜನರ ಲೆಕ್ಕ. ಮುಂದಿನ ಇಂಟರ್‌ಬ್ರಾಂಚ್ ಪಂದ್ಯದಲ್ಲಿ ನಮ್ಮ ಉದ್ದನೆಯ ಹುಡುಗನ ಮುಂದೆ ಯಾರಾದರೂ ಬಂದು ನಿಂತರೆ, ಹೊರಗಿನಿಂದ ಮೇಲೆ ಎಸಿ ಅಂತ ಕೂಗೋದು ಬೇಡ. ಮೊದಲು ಚೆಂಡನ್ನು ಆ ಬದಿಗೆ ದಾಟಿಸಿ ಅಂತ ಕೂಗೋಣ.