ಆಹಾರ ವಿಜ್ಞಾನಿ ಮ್ಯಾಕ್‌ಕ್ಯಾರಿಸನ್

ಸರ್ ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಐರ್ಲೆಂಡಿನಲ್ಲಿ 1878ರಲ್ಲಿ ಜನಿಸಿದರು. 1901ರಲ್ಲಿ ವೈದ್ಯರಾಗಿ ಭಾರತಕ್ಕೆ ಬಂದರು. ಗಿಲ್ಗಿಟ್‌ನಲ್ಲಿ ಗಳಗಂಡ ರೋಗದ ಕಾರಣ ಹುಡುಕುವಾಗ, ಕೊಳೆನೀರಿನ ಗಸಿಯನ್ನು ತಾವೇ ಕುಡಿದು ಪರೀಕ್ಷಿಸಿದ ಧೀರರಿವರು.

1918ರಲ್ಲಿ ಕೂನೂರಿನ ಒಂದೇ ಕೊಠಡಿಯಲ್ಲಿ ಆಹಾರ ಸಂಶೋಧನೆ ಆರಂಭಿಸಿದರು. ಸತ್ತ್ವಹೀನ ಆಹಾರ ತಿಂದ ಕೋತಿಗಳ ಕರುಳು ಕೆಟ್ಟು ಭೇದಿ ಹತ್ತಿತು. ಗೋಧಿರೊಟ್ಟಿ, ಹಾಲು, ಬೇಳೆ, ತರಕಾರಿ ತಿಂದ ಇಲಿಗಳು ದಷ್ಟಪುಷ್ಟವಾದವು. ಪಾಲಿಶ್ ಅಕ್ಕಿಯನ್ನೇ ನೆಚ್ಚಿದವು ಸೊರಗಿದವು. ಕೊಯಮತ್ತೂರಿನ ಕೃಷಿ ರಸಾಯನ ವಿಜ್ಞಾನಿ ಬಿ. ವಿಶ್ವನಾಥರೊಡನೆ 1926ರಲ್ಲಿ, ಹೊಲಕ್ಕೆ ಹಾಕುವ ಗೊಬ್ಬರ ಧಾನ್ಯದ ಸತ್ತ್ವವನ್ನು ಹೇಗೆ ಬದಲಿಸುತ್ತದೆಂದೂ ಪರೀಕ್ಷಿಸಿದರು.

ಅವರು 1935ರಲ್ಲಿ ನಿವೃತ್ತರಾಗಿ, 1960ರಲ್ಲಿ ತೀರಿಕೊಂಡರು. ಅವರ ಪ್ರಯೋಗಶಾಲೆ 1958ರಲ್ಲಿ ಹೈದರಾಬಾದಿಗೆ ಹೋಗಿ, ಮುಂದೆ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು.

ಇವರ ಬದುಕಿನಿಂದ ನಾವು ಕಲಿಯುವುದೇನು? ಕಾಯಿಲೆಯವರಿಗೆ ಮದ್ದಿನಷ್ಟೇ ಊಟವೂ ಮುಖ್ಯ. ಕರುಳಿನ ಶಸ್ತ್ರಚಿಕಿತ್ಸೆಯಾದವರಿಗೆ ಗಾಯ ಮಾಯಲು ಸಸಾರಜನಕ ಬೇಕು. ಅದು ಸಾಲದಿದ್ದರೆ ದೇಹವು ತನ್ನ ಸ್ನಾಯುಗಳನ್ನೇ ಕರಗಿಸಿಕೊಳ್ಳುತ್ತದೆ. ಆದ್ದರಿಂದ ಮನೆಯಲ್ಲಿ ಅಂಥವರಿದ್ದರೆ, ಬರಿಯ ಗಂಜಿತಿಳಿಯಲ್ಲೇ ದಿನ ಕಳೆಯದೆ, ವೈದ್ಯರನ್ನು ಕೇಳಿ ಬೇಳೆಕಟ್ಟು, ಹಾಲು, ಮೊಟ್ಟೆ ಕೊಡೋಣ. ನಾವೂ ತಟ್ಟೆಯಲ್ಲಿ ಬೇಳೆ, ಸೊಪ್ಪು ಬಿಡದೆ ಉಣ್ಣೋಣ.